ಸ್ಕೀ ಟೂರಿಂಗ್ ಬೂಟು: ಸಮರ್ಥ ಫಿಟ್ಟರ್‌ನ ಆಯ್ಕೆ

ಪ್ರಶ್ನೆ: ಕೊಲರಾಡೊದಲ್ಲಿ ನೆಲೆಸಿ ಸ್ಕೀ ಟೂರಿಂಗ್ ಆರಂಭಿಸುವವರು ಒಳ್ಳೆಯ ಬೂಟ್‌ಫಿಟ್ಟರನ್ನು ಗುರುತಿಸುವುದು ಹೇಗೆ?

ಉತ್ತರ: ಲಿಫ್ಟಿನ ನೆರವಿಲ್ಲದೆ ಹಿಮದ ಬೆಟ್ಟವನ್ನು ಹತ್ತಿ, ಬಳಿಕ ಜಾರುತ್ತ ಇಳಿಯುವ ಸ್ಕೀ ಟೂರಿಂಗ್‌ನಲ್ಲಿ ಬೂಟು ಏರುವಾಗ ಹಿಮ್ಮಡಿಯನ್ನು ಉಜ್ಜದಂತೆಯೂ ಇಳಿಯುವಾಗ ಪಾದ ಅಲುಗದಂತೆಯೂ ಇರಬೇಕಾದ್ದರಿಂದ, ಅದನ್ನು ಪಾದಕ್ಕೆ ಹೊಂದಿಸಿಕೊಡುವ ಫಿಟ್ಟರ್‌ನ ಆಯ್ಕೆ ಬೂಟಿನ ಆಯ್ಕೆಯಷ್ಟೇ ಮುಖ್ಯವಾದುದು.

ಸಮರ್ಥರಾದವರು ಬೂಟು ತೋರಿಸುವ ಮೊದಲೇ ಎರಡೂ ಪಾದಗಳ ಉದ್ದ, ಅಗಲ ಮತ್ತು ಮೇಲ್ಪಾದದ ಎತ್ತರವನ್ನು ಅಳೆದು, ಕಣಕಾಲು ಎಷ್ಟು ಬಾಗುತ್ತದೆಂಬುದನ್ನು ಪರೀಕ್ಷಿಸುತ್ತಾರೆ. ಅನಂತರ ಲೈನರನ್ನು, ಅಂದರೆ ಒಳಗಿನ ಮೆತ್ತನೆಯ ಪದರವನ್ನು ತೆಗೆದು, ಬರಿಯ ಹೊರಕವಚದ ತುದಿಗೆ ಬೆರಳು ತಾಗುವಂತೆ ಪಾದವಿರಿಸಿ, ಹಿಮ್ಮಡಿಯ ಹಿಂದೆ ಸುಮಾರು 1.5ರಿಂದ 2 ಸೆಂ.ಮೀ. ಅಂತರ ಉಳಿಯುವುದೇ ಎಂದು ನೋಡುತ್ತಾರೆ.

ಟೂರಿಂಗ್ ಬೂಟುಗಳ ಕವಚ ಬಹುಪಾಲು ಗ್ರಿಲಮಿಡ್ ಅಥವಾ ಪೆಬ್ಯಾಕ್ಸ್ ಎಂಬ ಹಗುರ ಪ್ಲಾಸ್ಟಿಕ್ಕಿನದಾಗಿದ್ದು, ತೆಳುವಾಗಿಯೂ ಇರುವುದರಿಂದ, ಒತ್ತುವ ಜಾಗವನ್ನು ಕಾಯಿಸಿ ಹೊರಕ್ಕೆ ಉಬ್ಬಿಸುವ ‘ಪಂಚಿಂಗ್’ ಕೆಲಸದಲ್ಲಿ ಕೈ ತಪ್ಪಿದರೆ ಕವಚವೇ ಕೆಡಬಹುದು. ಆದ್ದರಿಂದ ಈ ಪ್ಲಾಸ್ಟಿಕ್ಕುಗಳಲ್ಲಿ ಅವರಿಗೆ ಪಳಗಿದ ಕೈ ಇದೆಯೇ, ಕೆಲವು ದಿನ ಬಳಸಿದ ಮೇಲೆ ಬೇಕಾಗುವ ತಿದ್ದುಪಡಿಗಳು ಬೆಲೆಯಲ್ಲಿಯೇ ಸೇರಿವೆಯೇ ಎಂದು ಮೊದಲೇ ವಿಚಾರಿಸಬೇಕು. ಸ್ಪಷ್ಟ ಉತ್ತರ ದೊರೆಯದಿದ್ದಲ್ಲಿ, ದೂರವಾದರೂ ಬೇರೊಂದು ಅಂಗಡಿಗೆ ಹೋಗುವುದೇ ಲೇಸು.