ಸೈನಿಕರ ಮನೆಯ ಮಕ್ಕಳು ಕಾಲೇಜು ಆರಿಸುವಾಗ

ಮಾನ್ಯ ದಾನಿಗಳೇ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮಕ್ಕಳ ತಂದೆತಾಯಿಯರೇ,

ಸೈನಿಕರ ಮನೆಯ ಮಕ್ಕಳ ಅಂಕಪಟ್ಟಿಗಳನ್ನು ಜೋಡಿಸಿಟ್ಟರೆ ಅದೇ ಒಂದು ಭೂಪಟ. ಐದನೇ ತರಗತಿ ಪಠಾಣ್‌ಕೋಟ್‌ನಲ್ಲಿ, ಎಂಟನೆಯದು ಜೋಧಪುರದಲ್ಲಿ, ಹನ್ನೆರಡನೆಯದು ಇನ್ನೆಲ್ಲೋ. ಇಂಥ ಮನೆಯ ಒಬ್ಬ ಹುಡುಗಿ ಕೆಲವು ವರ್ಷಗಳ ಹಿಂದೆ ತಾಯಿಯ ಜೊತೆ ಧಾರವಾಡದ ನಮ್ಮ ಮನೆಗೆ ಬಂದಿದ್ದಳು. ತಂದೆ ಸೇನೆಯಲ್ಲಿ ಹವಾಲ್ದಾರ್. ಅವಳು ಕೇಳಿದ ಮೊದಲ ಪ್ರಶ್ನೆ ಇದು: "ಸರ್, ಅಬ್ಬಾಗ ಮತ್ತ ಪೋಸ್ಟಿಂಗ್ ಆದ್ರ ನಾನು ಮತ್ತ ಕಾಲೇಜ್ ಬಿಡಬೇಕೇನ್ರಿ?"

"ಇಲ್ಲವ್ವಾ, ಈ ಸಲ ನೀ ಒಂದ ಕಡೆ ಇರಬೇಕು" ಎಂದೆ. ಆ ಮಾತು ಸರಿಯಾಗಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಹೇಳಿದೆ: "ಸೈನಿಕರ ಕೋಟಾ ಅದ, ಚಿಂತಿ ಮಾಡಬ್ಯಾಡ." ಅದು ಅರ್ಧ ಸತ್ಯ. ನನ್ನ ಮಾತು ನಂಬಿ ಅವಳು ಸಿಇಟಿಯಲ್ಲಿ ಬೆಂಗಳೂರಿನ ನಾಲ್ಕೇ ಕಾಲೇಜುಗಳನ್ನು ಬರೆದಳು. ಮೊದಲ ಸುತ್ತಿನಲ್ಲಿ ಸೀಟು ಬರಲಿಲ್ಲ. ತಾಯಿ ಬಂಗಾರ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಯೋಚನೆಗೆ ಬಂದರು. ಮುಂದಿನ ಸುತ್ತಿನಲ್ಲಿ ಹತ್ತಿರದ ಕಾಲೇಜುಗಳನ್ನೂ ಸೇರಿಸಿದ್ದರಿಂದ ಊರಲ್ಲೇ ಸೀಟು ಸಿಕ್ಕಿತು, ಬಂಗಾರ ಉಳಿಯಿತು. ಅಂದು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೋಟಾ ಎಂದರೆ ಸೀಟು ಖಾತ್ರಿ ಎಂದಲ್ಲ. ಸಿಇಟಿಯಲ್ಲಿ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ವರ್ಗದಲ್ಲಿ ಸೀಟುಗಳಿವೆ. ಅವು ಕಡಿಮೆ, ಮತ್ತು ಹಂಚಿಕೆಗೆ ಆದ್ಯತೆಯ ಕ್ರಮ ಇದೆ. ಯುದ್ಧದಲ್ಲಿ ಮಡಿದವರ, ಅಂಗವಿಕಲರಾದವರ ಮಕ್ಕಳಿಗೆ ಮೊದಲ ಹಕ್ಕು. ಅದು ನ್ಯಾಯ, ಯಾರೂ ಬೇಸರ ಪಡಬಾರದು. ಆದ್ದರಿಂದ ಸಾಮಾನ್ಯ ರ‍್ಯಾಂಕಿನಲ್ಲಿ ಸಿಗಬಹುದಾದ ಕಾಲೇಜುಗಳನ್ನೂ ಪಟ್ಟಿಯಲ್ಲಿ ಬರೆಯಿರಿ. ನಿಜವಾಗಿ ಬೇಕಾದುದನ್ನು ಮೇಲೆ ಬರೆಯಿರಿ, ಏಕೆಂದರೆ ಮೇಲಿನದು ಸಿಕ್ಕರೆ ಅದರ ಕೆಳಗಿನವು ಬಿದ್ದುಹೋಗುತ್ತವೆ.

ಅರ್ಹತೆಯ ಕಲಮನ್ನು ಮೊದಲೇ ಓದಿ. ಸಾಮಾನ್ಯ ನಿಯಮದಂತೆ ವಿದ್ಯಾರ್ಥಿ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು. ಹೊರರಾಜ್ಯಗಳಲ್ಲಿ ಓದಿದ ಸೈನಿಕರ ಮಕ್ಕಳಿಗೆ ಇದು ಅಡ್ಡಿಯಾಗದಿರಲೆಂದು ಪ್ರತ್ಯೇಕ ಕಲಮುಗಳಿವೆ. ಸೇನೆಗೆ ಸೇರುವಾಗ ತಂದೆ ಬರೆಸಿದ ಸ್ವಂತ ಊರು ಯಾವುದು ಎಂಬುದು ಅಲ್ಲಿ ಮುಖ್ಯವಾಗುತ್ತದೆ. ಸೇವಾ ಪ್ರಮಾಣಪತ್ರ ಘಟಕದಿಂದ ಬರಬೇಕು. ತಂದೆ ಗಡಿಯಲ್ಲಿದ್ದರೆ ಕಾಗದ ಕೈಸೇರಲು ವಾರಗಳೇ ಹಿಡಿಯಬಹುದು. ಪರೀಕ್ಷೆಗೆ ಮುಂಚೆಯೇ ತರಿಸಿಕೊಳ್ಳಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಹನ್ನೆರಡನೇ ತರಗತಿಯ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕೇಂದ್ರೀಯ ವಿದ್ಯಾಲಯದಲ್ಲಿ, ಅಂದರೆ ಸಿಬಿಎಸ್‌ಇಯಲ್ಲಿ ಓದಿದವರು ತಮ್ಮ ಅಂಕಗಳನ್ನು ತಾವೇ ದಾಖಲಿಸಬೇಕು. ಇದನ್ನು ಮರೆತು ರ‍್ಯಾಂಕ್ ಬಾರದೆ ಅತ್ತ ಮಕ್ಕಳಿದ್ದಾರೆ.

ಸೇನೆಯವರದೇ ಕಾಲೇಜುಗಳಿವೆ. 1983ರಲ್ಲಿ ಆರಂಭವಾದ ಸೇನಾ ಕಲ್ಯಾಣ ಶಿಕ್ಷಣ ಸಂಸ್ಥೆಯ ಅಡಿಯಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್, ದೆಹಲಿಯಲ್ಲಿ ವೈದ್ಯಕೀಯ, ಮೊಹಾಲಿಯಲ್ಲಿ ಕಾನೂನು ಕಾಲೇಜು ಇವೆ. ಬೆಂಗಳೂರಿನಲ್ಲಿ ಫ್ಯಾಷನ್ ಮತ್ತು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಿವೆ. ಪುಣೆಗೆ ಜೆಇಇ ಮೇನ್, ದೆಹಲಿಗೆ ನೀಟ್ ಬರೆಯಬೇಕು. ಪುಣೆಯ ಕಾಲೇಜು ಭೂಸೇನೆಯವರ ಮಕ್ಕಳಿಗೆ ಮಾತ್ರ. ನೌಕಾಪಡೆ, ವಾಯುಪಡೆಯ ಮನೆಯವರು ಅದನ್ನು ನೆಚ್ಚಿಕೊಂಡು ಕೂರಬೇಡಿ.

ವಿದ್ಯಾರ್ಥಿವೇತನ ಮತ್ತು ಕಾಲೇಜನ್ನು ಒಟ್ಟಿಗೆ ನೋಡಿ. ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಬರುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ಕನಿಷ್ಠ ಶೇ. 60 ಅಂಕ ಇರಬೇಕು, ವೃತ್ತಿಪರ ಕೋರ್ಸಿನ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಅದು ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಸೈನಿಕರ ವಿಧವೆಯರಿಗೆ. ಆ ಹುಡುಗಿಯ ತಂದೆ ಇನ್ನೂ ಸೇವೆಯಲ್ಲಿದ್ದರು, ಆದ್ದರಿಂದ ಅವಳಿಗೆ ದೊರೆಯಲಿಲ್ಲ. ಎಐಸಿಟಿಇ, ಯುಜಿಸಿಯಂಥ ಸಂಸ್ಥೆಗಳ ಮಾನ್ಯತೆ ಇಲ್ಲದ ಕೋರ್ಸಿಗೆ ಸೇರಿದರೆ ಈ ಹಣವೂ ಇಲ್ಲ, ಪದವಿಗೆ ಬೆಲೆಯೂ ಇಲ್ಲ.

ಕೊನೆಗೆ ಮನೆಯ ಲೆಕ್ಕ. ತಂದೆ ಇಂದು ಎಲ್ಲಿದ್ದಾರೆ ಎಂಬುದನ್ನು ನೋಡಿ ಕಾಲೇಜು ಆರಿಸಬೇಡಿ. ಎರಡು ವರ್ಷದಲ್ಲಿ ಅವರು ಬೇರೆಡೆ ಹೋಗಬಹುದು, ಮಗು ಒಂಟಿಯಾಗಬಹುದು. ಅಜ್ಜಿ, ಮಾಮು, ಖಾಲಾ ಯಾರಾದರೂ ಇರುವ ಊರು, ಇಲ್ಲವೇ ಒಳ್ಳೆಯ ಹಾಸ್ಟೆಲ್ ಇರುವ ಕಾಲೇಜು ಮೇಲು. ಮೊದಲ ವರ್ಷದ ಫೀ ಮಾತ್ರ ಕೇಳಬೇಡಿ. ನಾಲ್ಕು ವರ್ಷದ ಫೀ, ಹಾಸ್ಟೆಲ್, ಊಟ, ಬಸ್ ಎಲ್ಲ ಕೂಡಿಸಿ ಒಂದು ಹಾಳೆಯಲ್ಲಿ ಬರೆದು ನೋಡಿ. ಕನ್ನಡ ಓದಿಲ್ಲವೆಂದು ಅಂಜಬೇಕಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಬಾರದವರಿಗೆ 'ಬಳಕೆ ಕನ್ನಡ' ಎಂಬ ಪಾಠವೇ ಇದೆ.

ದಾನಿಗಳಲ್ಲಿ ಒಂದು ಅರಿಕೆ. ಸಂಬಳ ಬರುತ್ತದೆ, ಸರ್ಕಾರ ನೋಡಿಕೊಳ್ಳುತ್ತದೆ ಎಂದು ಸೈನಿಕರ ಮನೆಯ ಅರ್ಜಿಯನ್ನು ಬದಿಗಿಡುವುದುಂಟು. ಸೇವೆಯಲ್ಲಿರುವ ಕೆಳದರ್ಜೆಯ ಸೈನಿಕನ ಮಗಳು ಎರಡು ಯೋಜನೆಗಳ ನಡುವೆ ಬಿದ್ದುಹೋಗುತ್ತಾಳೆ. ಮೊದಲ ವರ್ಷದ ಹಾಸ್ಟೆಲ್ ಠೇವಣಿಗೆ ಅವಳ ಮನೆಯಲ್ಲಿ ಹಣ ಇರುವುದಿಲ್ಲ. ನಿಮ್ಮ ಕೊಡುಗೆ ಅಲ್ಲಿ ಸಲ್ಲಬೇಕು.

ಪಾಲಕರೇ, ಅರ್ಜಿಯ ಜೊತೆ ಆ ಖರ್ಚಿನ ಹಾಳೆಯನ್ನೂ ಲಗತ್ತಿಸಿ. ಆದೇಶ ಬಂದಾಗಲೆಲ್ಲ ಊರು ಬಿಟ್ಟ ಮಗುವಿಗೆ ನೀವೇ ಆರಿಸಿ ಕೊಡುವ ಮೊದಲ ಜಾಗ ಈ ಕಾಲೇಜು. ಓದು ಮುಗಿಯುವವರೆಗೆ ಅದು ಅಲ್ಲೇ ನಿಲ್ಲುವಂತಿರಲಿ.