ಹಳೆಯ ಬಣ್ಣಕ್ಕೆ ಹೊಸ ಬಣ್ಣ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಕಂದುಗೆಂಪು ಜಾವಾ ಮೋಟಾರ್ ಸೈಕಲ್ಲುಗಳು ಇನ್ನೂ ಕೆಲವು ಮನೆಗಳಲ್ಲಿವೆ. ಟ್ಯಾಂಕಿನ ಮೇಲೆ ಗೀರು ಬಿದ್ದು ತಗಡು ಕಂಡರೆ ತುಕ್ಕು ಹತ್ತುತ್ತದೆ. ಬಣ್ಣ ಹಚ್ಚಲೇಬೇಕು. ಆದರೆ ಯಾವ ಬಣ್ಣ?

ಸೀಟಿನ ಅಡಿ ಮರೆಯಾದ ಭಾಗದಲ್ಲಿ ಮೂಲ ಬಣ್ಣ ಗಾಢವಾಗಿರುತ್ತದೆ. ಅದನ್ನೇ ಮೇಲೆ ಹಚ್ಚಿದರೆ ತೇಪೆಯಂತೆ ಎದ್ದು ಕಾಣುವುದು. ಬಿಸಿಲಿನ ಅತಿನೇರಳೆ ಕಿರಣಗಳು ಮೇಲ್ಪದರವನ್ನು ಮಂಕಾಗಿಸಿರುತ್ತವೆಯಲ್ಲವೇ? ಗೀರಿನ ಸುತ್ತ ಪಾಲಿಷ್ ಉಜ್ಜಿ ಮಂಕು ತೆಗೆದು, ಅಲ್ಲಿ ಕಾಣುವ ಬಣ್ಣಕ್ಕೆ ಹೊಂದಿಸಬೇಕು. ಹಸಿ ಬಣ್ಣವನ್ನು ನಂಬಬೇಡಿ. ಒಣಗಿದಾಗ ಛಾಯೆ ಬದಲಾಗುತ್ತದೆ. ತಗಡಿನ ಚೂರಿಗೆ ಹಚ್ಚಿ, ಒಣಗಿಸಿ, ಹಗಲು ಬೆಳಕಿನಲ್ಲಿ ಹೋಲಿಸಿ. ದೀಪದಡಿ ಒಂದೇ ಎನಿಸಿದ ಎರಡು ಬಣ್ಣಗಳು ಬಿಸಿಲಿನಲ್ಲಿ ಬೇರೆಯಾಗಬಹುದು. ಸೀರೆಗೆ ರವಿಕೆ ಕಣ ಹೊಂದಿಸುವ ತಾಯಂದಿರು ಅಂಗಡಿಯ ಹೊಸಿಲಿಗೆ ಬಂದು ನೋಡುವುದು ಇದಕ್ಕೇ.