ಕಾರಿನ ಸಂಗೀತ: ಸ್ಪೀಕರು ಬದಲಿಸುವ ಮುನ್ನ ಒಂದಿಷ್ಟು ಲೆಕ್ಕ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಟ್ಯಾಕ್ಸಿ ನಡೆಸುವವರಿದ್ದಾರೆ. ಕಂತಿನ ಮೇಲೆ ಹಳೆಯ ಕಾರು ಕೊಂಡ ಗುಮಾಸ್ತರೂ ಇದ್ದಾರೆ. ಕಾರು ಕೈಸೇರಿದ ತಿಂಗಳೊಪ್ಪತ್ತಿನಲ್ಲಿ ಹುಟ್ಟುವ ಮೊದಲನೆಯ ಆಸೆ, ಅದರಲ್ಲಿ ಹಾಡು ಚೆನ್ನಾಗಿ ಕೇಳಬೇಕೆಂಬುದು. ಆಸೆಯೇನೂ ತಪ್ಪಲ್ಲ. ಊರು ಬಿಟ್ಟು ಬಂದವನಿಗೆ ಬಳ್ಳಾರಿಯ ದಾರಿಯಲ್ಲಿ ಒಂದು ಕನ್ನಡ ಹಾಡು ಎಷ್ಟು ಹಿತವೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಇಂದ್ರಕೀಲಾದ್ರಿಯ ಬುಡದ ಈ ವಿಜಯವಾಡದ ಆಟೋನಗರದಲ್ಲಾಗಲಿ, ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಾಗಲಿ, ಪೆಟ್ಟಿಗೆಯ ಮೇಲಿನ ದೊಡ್ಡ ಅಂಕೆಯನ್ನು ನೋಡಿ ಹಣ ಎಣಿಸಿಕೊಡುವವರೇ ಹೆಚ್ಚು. ಹಣ ವ್ಯರ್ಥವಾದರೆ ಒಂದೆರಡು ತಿಂಗಳ ಕಷ್ಟ. ತಂತಿ ಎಳೆಯುವುದರಲ್ಲಿ ತಪ್ಪಾದರೆ ಕಂತು ತೀರುವ ಮೊದಲೇ ಕಾರು ಸುಟ್ಟುಹೋಗುವುದುಂಟು. ಹತ್ತನೆಯ ತರಗತಿಯ ಗಣಿತ ಬಲ್ಲವರಿಗೆ ಎಟಕುವ ಲೆಕ್ಕವನ್ನಷ್ಟೇ ಇಲ್ಲಿ ಬರೆದಿದೆ.

ಕಾರಿನ ರೇಡಿಯೋ ಹೊಸ ಸಂಗತಿಯಲ್ಲ. ಅಮೆರಿಕದ ಗಾಲ್ವಿನ್ ಸಹೋದರರು ೧೯೩೦ರಲ್ಲಿ ಮೋಟೊರೋಲ ಎಂಬ ಹೆಸರಿನಿಂದ ಅದನ್ನು ಮಾರಾಟಕ್ಕೆ ತಂದರು. ಮೋಟಾರು ಎಂಬ ಮಾತು ಆ ಹೆಸರಿನಲ್ಲೇ ಅಡಗಿದೆ. ಇಂದು ಬಳಕೆಯಲ್ಲಿರುವ ಮಾದರಿಯ ಸ್ಪೀಕರನ್ನು ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಎಂಜಿನಿಯರುಗಳು ೧೯೨೫ರಲ್ಲೇ ವಿವರಿಸಿದ್ದರು. ತತ್ವ ಇಂದಿಗೂ ಅದೇ. ಒಂದು ಅಯಸ್ಕಾಂತ, ಅದರ ಸಂದಿನಲ್ಲಿ ಸಣ್ಣ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಶಂಖು. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಶಂಖು ಹಿಂದೆ ಮುಂದೆ ಆಡಿ ಗಾಳಿಯನ್ನು ತಳ್ಳುತ್ತದೆ. ಕಾರು ತಯಾರಿಸುವವರು ಉಳಿತಾಯ ಮಾಡುವುದು ಇಲ್ಲಿಯೇ: ಅಯಸ್ಕಾಂತ ಚಿಕ್ಕದು, ಶಂಖು ತೆಳುವು. ಅದಕ್ಕೇ ಮೃದಂಗದ ಎಡಗೈ ಪೆಟ್ಟು ತಗಡು ಬಡಿದಂತೆ ಕೇಳುವುದು.

ಇನ್ನು ವ್ಯಾಟಿನ ವಿಚಾರ. ಗಿರಣಿಯ ಮೋಟಾರಿನ ಫಲಕದ ಮೇಲೆ ಬರೆದಿರುವ ಅಶ್ವಶಕ್ತಿ ದಿನವಿಡೀ ದುಡಿಯಬಲ್ಲ ಶಕ್ತಿ. ಕಾರಿನ ರೇಡಿಯೋ ಪೆಟ್ಟಿಗೆಯ ಮೇಲಿನ “೫೦ ವ್ಯಾಟು, ನಾಲ್ಕು ಸ್ಪೀಕರಿಗೆ” ಎಂಬ ಅಂಕೆ ಹಾಗಲ್ಲ. ಎಂಜಿನ್ ಓಡುವಾಗ ಬ್ಯಾಟರಿಯ ಬಳಿ ಸಿಗುವುದು ಸುಮಾರು ೧೪ ವೋಲ್ಟು. ಸ್ಪೀಕರಿನ ತಡೆ ಸಾಮಾನ್ಯವಾಗಿ ೪ ಓಮು. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮಿನಿಂದ ಭಾಗಿಸಿದರೆ ವ್ಯಾಟು. ೧೪ನ್ನು ೧೪ರಿಂದ ಗುಣಿಸಿ ೪ರಿಂದ ಭಾಗಿಸಿ: ೪೯ ಬರುತ್ತದೆ. ಪೆಟ್ಟಿಗೆಯ ೫೦ ಎಲ್ಲಿಂದ ಬಂತೆಂಬುದು ಈಗ ತಿಳಿಯಿತಲ್ಲ! ಆದರೆ ನಾದದ ಅಲೆ ಏರಿ ಇಳಿಯುವಂಥದು. ೧೪ ಅದರ ನೆತ್ತಿ ಮಾತ್ರ. ಲೆಕ್ಕಕ್ಕೆ ಹಿಡಿಯಬೇಕಾದುದು ಅದರ ಹತ್ತರಲ್ಲಿ ಏಳು ಪಾಲು, ಎಂದರೆ ಸುಮಾರು ೧೦ ವೋಲ್ಟು. ಆಗ ಸಿಗುವುದು ೨೫ ವ್ಯಾಟು. ಒಳಗಿನ ನಷ್ಟ ಕಳೆದು ಶುದ್ಧವಾಗಿ ಕೈಗೆ ಬರುವುದು ೧೮ರಿಂದ ೨೦. ಅದನ್ನು ಮೀರಿ ಗುಂಡಿ ತಿರುಗಿಸಿದರೆ ಅಲೆಯ ನೆತ್ತಿ ಕತ್ತರಿಸಿ ಹೋಗಿ ಹಾಡು ಕರ್ಕಶವಾಗುತ್ತದೆ. ಕೀಚಲು ದನಿಯ ಚಿಕ್ಕ ಸ್ಪೀಕರುಗಳು ಸುಡುವುದು ಬಹುಮಟ್ಟಿಗೆ ಹೀಗೆಯೇ.

ಆದುದರಿಂದ ಹಣ ಕಡಿಮೆಯಿದ್ದರೆ ಮೊದಲು ಮುಂದಿನ ಬಾಗಿಲುಗಳ ಎರಡು ಸ್ಪೀಕರುಗಳನ್ನು ಮಾತ್ರ ಬದಲಿಸಿ. ಕೊಳ್ಳುವಾಗ ವ್ಯಾಟು ಕೇಳಬೇಡಿ, ಡೆಸಿಬೆಲ್ ಕೇಳಿ. ಒಂದು ವ್ಯಾಟು ಕೊಟ್ಟಾಗ ಒಂದು ಮೀಟರು ದೂರದಲ್ಲಿ ಎಷ್ಟು ದನಿ ಎಂಬ ಅಂಕೆ ಒಳ್ಳೆಯ ಸ್ಪೀಕರಿನ ಕಾಗದದಲ್ಲಿ ಅಚ್ಚಾಗಿರುತ್ತದೆ. ೮೮ ಇರುವುದಕ್ಕಿಂತ ೯೧ ಇರುವುದು ಮೂರೇ ಹೆಚ್ಚೆಂದು ತೋರಬಹುದು. ಆದರೆ ಮೂರು ಡೆಸಿಬೆಲ್ ಎಂದರೆ ಶಕ್ತಿಯನ್ನು ಇಮ್ಮಡಿಸಿದಷ್ಟಕ್ಕೆ ಸಮ. ಕಂಪನಿಯ ರೇಡಿಯೋವನ್ನೇ ಉಳಿಸಿಕೊಳ್ಳುವವರಿಗೆ ಇದಕ್ಕಿಂತ ಲಾಭದ ಬಾಬತ್ತು ಇಲ್ಲ.

ಬಾಗಿಲನ್ನೂ ಮರೆಯಬಾರದು. ಶಂಖು ಮುಂದಕ್ಕೆ ತಳ್ಳಿದಾಗ ಹಿಂದುಗಡೆ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಬಾಗಿಲಿನ ತೂತುಗಳ ಮೂಲಕ ಕೂಡಿದರೆ ಗಂಭೀರ ಸ್ವರ ಒಂದನ್ನೊಂದು ತಿಂದುಹಾಕುತ್ತದೆ. ಆ ತೂತುಗಳನ್ನು ಮುಚ್ಚಿಸಿ, ತಗಡಿಗೆ ಬ್ಯುಟೈಲ್ ಹಾಳೆ ಅಂಟಿಸಿದರೆ ಅದೇ ಸ್ಪೀಕರು ಬೇರೆಯದೇ ಎಂಬಂತೆ ಹಾಡುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಇಳಿಯುವ ರಂಧ್ರಗಳಿವೆ. ಅವನ್ನು ಮಾತ್ರ ಮುಚ್ಚಿಸಬೇಡಿ, ಬಾಗಿಲು ತುಕ್ಕು ಹಿಡಿದೀತು.

ಇದರಿಂದಲೂ ತೃಪ್ತಿಯಾಗದವರಿಗೆ ಆಂಪ್ಲಿಫೈಯರ್. ಅದು ಬ್ಯಾಟರಿಯ ವೋಲ್ಟನ್ನು ಮೊದಲು ತನ್ನೊಳಗೇ ಮೇಲಕ್ಕೇರಿಸಿಕೊಳ್ಳುತ್ತದೆ. ಆದ್ದರಿಂದಲೇ ಸ್ಪೀಕರೊಂದಕ್ಕೆ ೫೦ ವ್ಯಾಟನ್ನು ನಿಜವಾಗಿ ಕೊಡಬಲ್ಲುದು. ಹೊಸ ಕಾರುಗಳಲ್ಲಿ ರೇಡಿಯೋ, ಹಿಂಬದಿಯ ಕ್ಯಾಮೆರಾ, ಕೆಲವದರಲ್ಲಿ ತಂಪು ಯಂತ್ರದ ಗುಂಡಿಗಳು ಸಹ ಒಂದೇ ಪರದೆಗೆ ಸೇರಿಕೊಂಡಿರುತ್ತವೆ; ಅದನ್ನು ಕೀಳಿಸುವ ಗೋಜಿಗೆ ಹೋಗಬೇಡಿ. ಸ್ಪೀಕರಿನ ತಂತಿಯಿಂದಲೇ ಹಾಡು ತೆಗೆದುಕೊಳ್ಳುವ ಆಂಪ್ಲಿಫೈಯರುಗಳು ಸಿಗುತ್ತವೆ. ಕಾರಿನ ಮೂಲ ತಂತಿ ಕತ್ತರಿಸದೆ, ಸಿಕ್ಕಿಸುವ ಕಪ್ಲರಿನಿಂದಲೇ ಜೋಡಿಸಲು ಹೇಳಿ. ತಂತಿ ಕತ್ತರಿಸಿದ್ದು ಕಂಡರೆ ಕಂಪನಿಯವರು ವಾರಂಟಿಯ ವಿಷಯದಲ್ಲಿ ತಕರಾರು ತೆಗೆಯಬಹುದು.

ಈಗ ಬಹು ಮುಖ್ಯವಾದ ಲೆಕ್ಕ. ನಾಲ್ಕು ಸ್ಪೀಕರಿಗೆ ೫೦ರಂತೆ ೨೦೦ ವ್ಯಾಟು ಹೊರಬರಬೇಕಾದರೆ, ಹಳೆಯ ಬಗೆಯ ಆಂಪ್ಲಿಫೈಯರಿಗೆ ಸುಮಾರು ೩೫೦ ವ್ಯಾಟು ಒಳಗೆ ಹೋಗಬೇಕು. ಉಳಿದದ್ದು ಶಾಖವಾಗಿ ಹೋಗುತ್ತದೆ. ೩೫೦ನ್ನು ೧೪ರಿಂದ ಭಾಗಿಸಿದರೆ ೨೫ ಆಂಪಿಯರು. ಹೆಡ್‌ಲೈಟಿನ ೬೦ ವ್ಯಾಟಿನ ಬಲ್ಬು ಎಳೆಯುವುದು ೪ ಆಂಪಿಯರಿನ ಸುಮಾರು. ಅಂಥ ಆರು ಬಲ್ಬುಗಳ ಹೊರೆ ಒಂದೇ ತಂತಿಯ ಮೇಲೆ ಎಂದಾಯಿತು. ರೇಡಿಯೋದ ಹಿಂದಿನ ಸಣ್ಣ ತಂತಿ ಇದನ್ನು ತಾಳದು. ಬ್ಯಾಟರಿಯಿಂದಲೇ ೮ ಗೇಜಿನ, ಎಂದರೆ ಸುಮಾರು ೮ ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು. ಅಗ್ಗದ ತಂತಿಗಳಲ್ಲಿ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟವು ಬಹಳ. ಬ್ಲೇಡಿನಿಂದ ಎಳೆಯೊಂದನ್ನು ಕೆರೆದು ನೋಡಿ; ಒಳಗೆ ಬೆಳ್ಳಗೆ ಕಂಡರೆ ಬೇಡವೆನ್ನಿ.

ಆ ತಂತಿಗೆ ಬ್ಯಾಟರಿಯಿಂದ ಒಂದು ಮೊಳದೊಳಗೆ ೩೦ ಆಂಪಿಯರಿನ ಫ್ಯೂಜು ಇರಲೇಬೇಕು. ಆಂಪ್ಲಿಫೈಯರಿನ ಮೈಮೇಲೆಯೇ ಫ್ಯೂಜು ಇದೆಯಲ್ಲ ಎಂದು ಮೆಕ್ಯಾನಿಕ್ಕು ಹೇಳಬಹುದು. ಅದು ಆಂಪ್ಲಿಫೈಯರನ್ನು ಕಾಯುತ್ತದೆ. ಬ್ಯಾಟರಿಯ ಬಳಿಯ ಫ್ಯೂಜು ಕಾಯುವುದು ತಂತಿಯನ್ನು. ಎಂಜಿನ್ ಕೋಣೆಯಿಂದ ಒಳಗೆ ಬರುವ ಕಡೆ ತಗಡಿನ ಅಂಚು ಕತ್ತಿಯಂತಿರುತ್ತದೆ. ಅಲುಗಾಟಕ್ಕೆ ತಂತಿಯ ರಬ್ಬರು ಸವೆದು ತಾಮ್ರ ತಗಡಿಗೆ ತಗುಲಿದರೆ ಬ್ಯಾಟರಿ ನೂರಾರು ಆಂಪಿಯರನ್ನು ಸುರಿಯುತ್ತದೆ, ತಂತಿ ಕೆಂಡವಾಗುತ್ತದೆ. ಗಾಡಿ ಬಂದ್ ಮಾಡಿ ಬೀಗ ಹಾಕಿ ಮಲಗಿದ್ದರೂ ಇದು ಆಗಬಹುದು. ಬ್ಯಾಟರಿಗೆ ಕೀಲಿಕೈಯ ಹಂಗಿಲ್ಲ. ಆ ತೂತಿಗೆ ರಬ್ಬರಿನ ಬಳೆ ಹಾಕಿಸಿ. ಇವೆರಡರ ಬೆಲೆಯೂ ಸೇರಿ ಆಂಪ್ಲಿಫೈಯರಿನ ಬೆಲೆಯ ಮುಂದೆ ಏನೂ ಅಲ್ಲ.

ಅರ್ಥ್ ತಂತಿಯೂ ಅಷ್ಟೇ ದಪ್ಪವಿರಬೇಕು, ಗಿಡ್ಡವಾಗಿರಬೇಕು, ಬಣ್ಣ ಕೆರೆದ ಬರಿ ತಗಡಿಗೆ ಬಿಗಿಯಬೇಕು. ಎಂಜಿನಿನ ವೇಗದೊಡನೆ ಏರುವ ಕುಂಯ್ ಎಂಬ ಸದ್ದು ಬಂದರೆ ಮೊದಲು ಇಲ್ಲಿಯೇ ಹುಡುಕಿ. ಹಾಡಿನ ತಂತಿಯನ್ನು ಕಾರಿನ ಒಂದು ಪಕ್ಕದಿಂದಲೂ ಬ್ಯಾಟರಿಯ ತಂತಿಯನ್ನು ಇನ್ನೊಂದು ಪಕ್ಕದಿಂದಲೂ ತರುವುದು ಲೇಸು. ಆಂಪ್ಲಿಫೈಯರನ್ನು ಸೀಟಿನ ಕೆಳಗಿಟ್ಟರೆ ಸುತ್ತ ಗಾಳಿಯಾಡಲಿ. ಕೃಷ್ಣಾ ತೀರದ ಮೇ ತಿಂಗಳ ಬಿಸಿಲಿನಲ್ಲಿ ಜಮಖಾನೆ ಹೊದಿಸಿದ ಯಂತ್ರ ಬಹಳ ದಿನ ಬಾಳದು. ‘ಗೇನ್’ ಎಂಬ ತಿರುಪು ದನಿ ಹೆಚ್ಚಿಸುವ ಗುಂಡಿಯಲ್ಲ. ಅದನ್ನು ಪೂರ್ತಿ ಇಳಿಸಿ, ರೇಡಿಯೋವನ್ನು ಮುಕ್ಕಾಲು ಪಾಲು ಏರಿಸಿ, ಬಳಿಕ ತಿರುಪನ್ನು ಮೆಲ್ಲನೆ ತಿರುಗಿಸಿ. ದನಿ ಒಡೆಯಿತೆನ್ನುವಾಗ ಸ್ವಲ್ಪ ಹಿಂದಕ್ಕೆ ತನ್ನಿ.

ಡಿಕ್ಕಿಯಲ್ಲಿಡುವ ದೊಡ್ಡ ಸಬ್‌ವೂಫರಿನ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಟ್ಯಾಕ್ಸಿಯವರಿಗೆ ಪ್ರಯಾಣಿಕರ ಪೆಟ್ಟಿಗೆ ಇಡುವ ಜಾಗ ಹೋಗುತ್ತದೆ, ಊರಿನವರಿಗೆ ನಿದ್ದೆ ಹೋಗುತ್ತದೆ. ಕಿವಿಯ ಲೆಕ್ಕವೂ ಒಂದಿದೆ: ೮೫ ಡೆಸಿಬೆಲ್ ದನಿಯನ್ನು ದಿನಕ್ಕೆ ೮ ಗಂಟೆ ಕೇಳಬಹುದೆಂದು ತಜ್ಞರ ಮಿತಿ. ಪ್ರತಿ ಮೂರು ಡೆಸಿಬೆಲ್ಲಿಗೆ ಹೊತ್ತು ಅರ್ಧವಾಗುತ್ತ ಹೋಗಿ, ೧೦೦ಕ್ಕೆ ಬರುವಾಗ ಕಾಲು ಗಂಟೆ ಮಾತ್ರ ಉಳಿಯುತ್ತದೆ. ನೇಯ್ಗೆ ಖಾತೆಯಲ್ಲಿ ದುಡಿದವರ ಮನೆಯಲ್ಲಿ ಎಲ್ಲರೂ ಏಕೆ ಕೂಗಿ ಮಾತಾಡುತ್ತಾರೆಂಬುದನ್ನು ನೀವೇ ಬಲ್ಲಿರಿ. ಚಾಲಕನಿಗಂತೂ ಹಿಂದಿನ ಆಂಬುಲೆನ್ಸಿನ ಕೂಗು ಕೇಳಿಸಲೇಬೇಕು.

ತೆಲುಗು ಇನ್ನೂ ಹಿಡಿತಕ್ಕೆ ಬಾರದವರು ಅಂಗಡಿಯಲ್ಲಿ ಎರಡು ಮಾತು ಆಡಿದರೆ ಸಾಕು. “ಫ್ಯೂಜು ಎಕ್ಕಡ ಪೆಟ್ಟಾರು?” ಎಂದರೆ ಫ್ಯೂಜನ್ನು ಎಲ್ಲಿ ಹಾಕಿದಿರಿ ಎಂದು. “ಬಿಲ್ಲು ಕಾವಾಲಿ” ಎಂದರೆ ಬಿಲ್ಲು ಬೇಕು. ನಾವು ತಂತಿ ಎನ್ನುವುದಕ್ಕೆ ಅವರು ತೀಗ ಎನ್ನುತ್ತಾರೆ. ವೈರು ಎಂದರೂ ತಿಳಿಯುತ್ತದೆ.

ಕೆಲಸ ಮುಗಿಯಿತೆಂದು ಹೇಳಿದ ಮೇಲೆ ಅಲ್ಲಿಯೇ ಅರ್ಧ ಗಂಟೆ ಎಂಜಿನ್ ಓಡಿಸಿ ಹಾಡು ಹಾಕಿಸಿ. ಆಮೇಲೆ ಎಂಜಿನ್ ನಿಲ್ಲಿಸಿ ಬಾನೆಟ್ಟು ತೆಗೆಸಿ, ಫ್ಯೂಜಿನ ಗೂಡನ್ನೂ ಅದರ ಎರಡೂ ಕಡೆಯ ತಂತಿಯನ್ನೂ, ಅರ್ಥ್ ಬಿಗಿದ ತಿರುಪನ್ನೂ ಕೈಯಿಂದ ಮುಟ್ಟಿ ನೋಡಿ. ಎಂಜಿನಿನ ಬಿಸಿ ತಾಗದ ಕಡೆಯೂ ತಂತಿ ಸುಡುತ್ತಿದ್ದರೆ ಅದು ಸಣ್ಣದಾಯಿತು, ಇಲ್ಲವೆ ಜೋಡಣೆ ಸಡಿಲವಾಗಿದೆ. ಬಾಕಿ ಹಣ ಕೊಡುವ ಮೊದಲೇ ಸರಿಮಾಡಿಸಿಕೊಳ್ಳಿ.